ಯಾರೂ ಮುಟ್ಟದ ಬಣ್ಣ

ಹಾಳೆಯಲ್ಲಿ ಹೀಗೆ ಟೈಪಾಗಿತ್ತು: ‘ಈ ಮೋಟಾರ್‌ಸೈಕಲ್ಲು ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗೆ ಇದರ ಬಣ್ಣವನ್ನು ಯಾರೂ ಮುಟ್ಟಿಲ್ಲ.’ ಕೆಳಗೆ ಮಾಲೀಕನ ಸಹಿ ಇತ್ತು. ಪಕ್ಕದಲ್ಲಿ ಸಾಕ್ಷಿಯ ಜಾಗ ಖಾಲಿ ಇತ್ತು. ಅಲ್ಲಿ ಸಹಿ ಹಾಕು ಎಂದು ಅವನು ಪೆನ್ನು ಚಾಚಿದ್ದು ಆ ಬಣ್ಣ ಬಳಿದವಳ ಕಡೆಗೆ.

ಅವಳು ಬೋರ್ಡು ಬರೆಯುವವಳು. ಅವನು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಅವರ ಪರಿಚಯಕ್ಕೆ ಆಗ ಹದಿನಾಲ್ಕು ವರ್ಷ ತುಂಬಿತ್ತು.

ಮೊದಲ ಸಲ ಅವನು ಅವಳ ಅಂಗಡಿಗೆ ಬಂದದ್ದು ಒಂದು ನಂಬರ್ ಪ್ಲೇಟ್ ಬರೆಸಲು. ಅವಳು ಏಣಿಯ ಮೇಲೆ ನಿಂತು ಔಷಧದಂಗಡಿಯ ಬೋರ್ಡಿಗೆ ಒತ್ತಕ್ಷರ ಕೂರಿಸುತ್ತಿದ್ದಳು. ಪೇಂಟರ್ ಇಲ್ಲವಾ ಎಂದು ಕೆಳಗಿನಿಂದ ಕೇಳಿದ. ಊಟಕ್ಕೆ ಹೋಗಿದ್ದಾರೆ, ಕೂತಿರಿ ಎಂದಳು. ಅವನು ಸ್ಟೂಲಿನ ಮೇಲೆ ಸಭ್ಯನಾಗಿ ಕೂತ. ಅವಳು ಒತ್ತು ಮುಗಿಸಿದಳು, ಏಣಿ ಇಳಿದಳು, ಕೈ ತೊಳೆದಳು, ಅವನ ಎದುರಿಗೇ ಡಬ್ಬಿ ಬಿಚ್ಚಿ ನಿಧಾನವಾಗಿ ಉಂಡಳು. ಡಬ್ಬಿ ತೊಳೆದಿಟ್ಟು ಬಂದು ಹೇಳಿದಳು:

“ಪೇಂಟರ್ ಬಂದ್ರು. ಏನ್ ಬರೀಬೇಕು?”

ಅವನ ಕಿವಿ ಕೆಂಪಾಯಿತು. ಆ ಕೆಂಪಿಗೆ ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಅವಳ ತಲೆ ತಾನಾಗಿ ಯೋಚಿಸಿತು. ಅದನ್ನು ಅವಳು ಕಸುಬಿನ ಚಾಳಿ ಅಂದುಕೊಂಡಳು. ಆ ರಾತ್ರಿ ಮಲಗುವಾಗಲೂ ಅದೇ ಕೆಂಪು ಕಣ್ಣಮುಂದೆ ನಿಂತಾಗ, ಚಾಳಿ ಕಸುಬಿನದಲ್ಲ ಎಂದು ಗೊತ್ತಾಯಿತು.

ಮೋಟಾರ್‌ಸೈಕಲ್ಲು ಅವನ ಅಜ್ಜನದು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಡೆಗೆ ಒರಗಿಕೊಂಡು ಇಪ್ಪತ್ತು ವರ್ಷ ನಿಂತಿತ್ತು. ಗೋಡೆಗೆ ತಾಗಿದ ಬಲಮಗ್ಗುಲು ಹಾಗೇ ಉಳಿದಿತ್ತು: ಆರಿದ ಇಟ್ಟಿಗೆಯಂಥ ಕೆಂಪು, ಅದರ ಮೇಲೆ ಚಿನ್ನದ ಎರಡು ಗೆರೆ. ಟ್ಯಾಂಕಿನ ಉದ್ದಕ್ಕೂ ಜೊತೆಜೊತೆಯಾಗಿ ಹರಿದು, ಮೊಣಕಾಲು ಒತ್ತುವ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣಗಾಗಿ ಆ ಗೆರೆಗಳು ಒಂದನ್ನೊಂದು ಕೂಡುತ್ತಿದ್ದವು. ಎಡಮಗ್ಗುಲನ್ನು ಸೋರುವ ಸೂರು ತಿಂದುಹಾಕಿತ್ತು.

ಎಡಗಡೆಯನ್ನು ಬಲಗಡೆಯ ಹಾಗೆ ಮಾಡಿಕೊಡಬೇಕು, ಆದರೆ ಹೊಸದಾಗಿ ಕಾಣಬಾರದು ಎಂದ.

“ಹಳೇದು ಮಾಡೋದಕ್ಕೆ ಟೈಮ್ ಹಿಡಿಯುತ್ತೆ, ಮೇಷ್ಟ್ರೇ.”

“ಎಷ್ಟು?”

“ಹಳೇದಾಗೋಷ್ಟು.”

ಅವನು ನಕ್ಕ. ಅವಳೂ ನಕ್ಕಳು. ಅದು ಜೋಕು ಎಂದು ಇಬ್ಬರೂ ನಂಬಿದ್ದರು.

ಭಾನುವಾರಗಳೆಲ್ಲ ಆ ಶೆಡ್ಡಿಗೆ ಸಂದವು. ಇಂಜಿನ್ನು ಅವನ ಪಾಲು, ಬಣ್ಣ ಅವಳ ಪಾಲು. ಅವನು ಪುಸ್ತಕ ನೋಡಿಕೊಂಡು ಇಂಜಿನ್ ಬಿಚ್ಚಿದ, ಒಂದೊಂದು ತುಂಡಿಗೂ ಚೀಟಿ ಅಂಟಿಸಿದ, ಒಂದೂವರೆ ವರ್ಷದ ನಂತರ ಎಲ್ಲವನ್ನೂ ಮತ್ತೆ ಜೋಡಿಸಿ ಎದೆಯುಬ್ಬಿಸಿ ನಿಂತ. ನೆಲದ ಮೇಲೆ ಎರಡು ಬೋಲ್ಟು ಉಳಿದಿದ್ದವು. ಅವಳು ಅವನ್ನು ಅಂಗೈಯಲ್ಲಿಟ್ಟು ಅವನ ಮೂಗಿನ ಕೆಳಗೆ ಹಿಡಿದಳು. “ಶೇಷ ಎರಡು, ಮೇಷ್ಟ್ರೇ.” ಇಂಜಿನ್ನನ್ನು ಮತ್ತೆ ಬಿಚ್ಚಿದ. ಆ ವರ್ಷವೂ ಹೋಯಿತು.

ಅವಳಿಗೆ ಅವಸರವಿರಲಿಲ್ಲ. ಬಲಮಗ್ಗುಲಿನ ಗೆರೆಯನ್ನು ಭೂತಗನ್ನಡಿ ಹಿಡಿದು ತಿಂಗಳುಗಟ್ಟಲೆ ಓದಿದಳು. ಅದನ್ನು ಎಳೆದವನು ಯಾವ ಕಾರ್ಖಾನೆಯ ಯಾವ ಮೂಲೆಯಲ್ಲಿ ಕೂತಿದ್ದನೋ, ಅವನ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆದರೆ ಅವನ ಕೈ ಅವಳಿಗೆ ಗೊತ್ತಾಯಿತು. ಟ್ಯಾಂಕಿನ ಸೊಂಟದ ಹತ್ತಿರ ಒಂದು ಕಡೆ ಗೆರೆ ಎಳ್ಳಿನಷ್ಟು ದಪ್ಪಗಾಗಿತ್ತು. ಕೆಮ್ಮು ಬಂದಿರಬೇಕು, ಇಲ್ಲವೇ ಮೇಸ್ತ್ರಿ ಹಿಂದೆ ಬಂದು ನಿಂತಿರಬೇಕು. ಎಡಗಡೆಯ ಗೆರೆಯಲ್ಲಿ ಅವಳು ಆ ನಡುಕವನ್ನೂ ಬರೆದಳು.

ಅವಳು ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದಳು. ಶೆಡ್ಡಿನ ಮೂಲೆಯಲ್ಲಿ ಕೂತ ಮೇಷ್ಟ್ರೂ ಹಿಡಿಯುತ್ತಿದ್ದ. ಒಮ್ಮೆ ಗೆರೆ ಮುಗಿಸಿ ತಿರುಗಿದರೆ ಅವನ ಮುಖ ಬದನೆಕಾಯಿಯಾಗಿತ್ತು.

“ನೀವ್ಯಾಕೆ ಹಿಡೀತೀರಿ?”

“ಗಾಳಿಗೆ ಗೆರೆ ಅಲ್ಲಾಡಿದ್ರೆ?”

“ಗೆರೆ ಅಲ್ಲಾಡಲ್ಲ. ನೀವು ಬೀಳ್ತೀರಿ.”

ಅಂದಿನಿಂದ ಅವನು ಅವಳನ್ನು ‘ಗೆರೆ’ ಎಂದು ಕರೆದ. ಗೆರೆ, ಆ ಬಟ್ಟೆ ಕೊಡು. ಗೆರೆ, ಇಲ್ನೋಡು. ಬೇರೆ ಯಾರ ಬಾಯಲ್ಲಾದರೂ ಅದು ಅಡ್ಡಹೆಸರಾಗುತ್ತಿತ್ತು. ಅವನ ಬಾಯಲ್ಲಿ ಅದು ಬೆರಳ ತುದಿಯಿಂದ ಬೆನ್ನಿನ ಮೇಲೆ ಎಳೆದಂತಿತ್ತು.

ಬಲಗಡೆ ಅಜ್ಜನ ಮೊಣಕಾಲು ಸವೆಸಿದ ಜಾಗವನ್ನು ಎಡಗಡೆಯೂ ಸವೆಸಲು ಒಂದು ಮೊಣಕಾಲು ಬೇಕಾಯಿತು. ಅವನನ್ನು ಸೀಟಿನ ಮೇಲೆ ಕೂರಿಸಿ, ಟ್ಯಾಂಕಿಗೆ ಒತ್ತಿದ ಅವನ ಮಂಡಿಯ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಕಚಗುಳಿಯಾಗುತ್ತಿದೆ ಎಂದ. ಅಲ್ಲಾಡಬೇಡಿ ಎಂದಳು. ಅವನು ಅಲ್ಲಾಡಲಿಲ್ಲ, ಆದರೆ ಕಣ್ಣು ತೆಗೆಯಲೂ ಇಲ್ಲ. ಸೀಮೆಸುಣ್ಣ ಅವಳ ಬೆರಳ ನಡುವೆ ಎರಡಾಯಿತು. ಆಮೇಲೆ ಆ ಗುರುತಿನೊಳಗೆ ಮೆತ್ತನೆ ಬಟ್ಟೆಯಿಂದ ಭಾನುವಾರಕ್ಕೆ ಸಾವಿರ ಸಲದಂತೆ ಒಂದು ಚಳಿಗಾಲವಿಡೀ ಉಜ್ಜಿದಳು. ಒಬ್ಬ ಮನುಷ್ಯ ಮೂವತ್ತು ವರ್ಷ ಕೂತು ಸವೆಸುವಷ್ಟನ್ನು ಅವನನ್ನು ನೆನೆಯುತ್ತ ಸವೆಸಿದಳು.

ನನ್ನನ್ನು ‘ನೀನು’ ಅನ್ನು ಎಂದು ಅವನು ಕೇಳಿದ್ದು ಆ ಚಳಿಗಾಲದಲ್ಲೇ. ಅವಳು ಬಾಯಿ ತೆರೆಯುವ ಮೊದಲೇ ಮನೆಯ ಕಡೆ ನೋಡಿ, ತಗ್ಗಿದ ದನಿಯಲ್ಲಿ ಸೇರಿಸಿದ: ಶೆಡ್ಡಲ್ಲಿ ಮಾತ್ರ. ಅವಳು ‘ನೀವು’ ಅನ್ನುತ್ತಲೇ ಉಳಿದಳು. ಎರಡು ನಾಲಗೆ ಸಾಕುವಷ್ಟು ಅನುಕೂಲ ನಮ್ಮ ಮನೇಲಿಲ್ಲ ಎಂದು ನಗಾಡಿದಳು.

ಮನೆಯ ಕಡೆ ನೋಡಲು ಕಾರಣವಿತ್ತು. ಅವನ ತಾಯಿ ಅವಳನ್ನು ‘ಬಣ್ಣದವಳು’ ಎನ್ನುತ್ತಿದ್ದರು. ಒಳಗೆ ಬಾಮ್ಮಾ ಎಂದು ಬಾಯ್ತುಂಬ ಕರೆದು, ಅವಳು ಕೂರುವ ಮೊದಲು ಕುರ್ಚಿಯ ಮೇಲೆ ಪೇಪರು ಹಾಸುತ್ತಿದ್ದರು. ಬಣ್ಣ ಅಂಟುತ್ತೆ ಅಂತ ಅಷ್ಟೇ, ಬೇಜಾರು ಮಾಡ್ಕೋಬೇಡ. ಒಂದು ಸಲ ಅವಳು ತಲೆಗೆ ಮಿಂದು, ಪೆಟ್ಟಿಗೆಯಿಂದ ತೆಗೆದ ಬಿಳಿ ಬಟ್ಟೆ ಉಟ್ಟು ಬಂದಳು. ಆವತ್ತು ಪೇಪರು ಎರಡು ಪದರವಾಯಿತು. ಅವನು ಅಲ್ಲೇ ಇದ್ದ. ಹಾಸಿದ ಪೇಪರಿನಲ್ಲಿ ಹವಾಮಾನದ ಸುದ್ದಿ ಓದುತ್ತಿದ್ದ.

ಐದನೆಯ ವರ್ಷ ಗಾಡಿ ಸ್ಟಾರ್ಟ್ ಆಯಿತು. ಮೊದಲು ಸೀನಿತು, ಹೊಗೆ ಕಾರಿತು, ಆಮೇಲೆ ದೊಡ್ಡ ಮನುಷ್ಯರು ಗಂಟಲು ಸರಿಪಡಿಸಿಕೊಂಡ ಹಾಗೆ ಗುಡುಗುಡು ಎನ್ನತೊಡಗಿತು. ಅವಳನ್ನು ಹಿಂದೆ ಕೂರಿಸಿಕೊಂಡು ಊರಾಚೆಯ ರಸ್ತೆಯಲ್ಲಿ ಹನ್ನೆರಡು ಮೈಲಿ ಓಡಿಸಿದ. ಅವಳು ಅವನ ಬೆನ್ನಿಗೆ ಕೆನ್ನೆಯೊತ್ತಿ, ಇಂಜಿನ್ನಿನ ಬಡಿತ ಯಾವುದು, ಅವನ ಎದೆಯದು ಯಾವುದು ಎಂದು ಬೇರ್ಪಡಿಸಲು ನೋಡಿದಳು. ಆಗಲಿಲ್ಲ. ಬದುಕಿನಲ್ಲಿ ಅಷ್ಟು ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ವಾಪಸ್ಸು ಬರುವಾಗ, ಊರು ಶುರುವಾಗುವ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಇಲ್ಲೇ ಇಳಿ ಎಂದ. ಇಳಿದಳು. ಇಂಜಿನ್ ಸದ್ದು ಮುಂದೆ ಹೋಯಿತು, ಅವಳು ಹಿಂದೆ ನಡೆದಳು. ಆಮೇಲೆ ಎಷ್ಟೋ ಸಲ ಹೀಗೇ ಆಯಿತು. ಕೊನೆಕೊನೆಗೆ ಅವನು ಹೇಳಬೇಕಾಗಿಯೇ ಇರಲಿಲ್ಲ. ತಿರುವು ಬಂದರೆ ಅವಳ ಕಾಲು ತಾನಾಗಿ ನೆಲ ಹುಡುಕುತ್ತಿತ್ತು.

ಮದುವೆಯ ಮಾತನ್ನು ಅವನು ಮರೆತವನಲ್ಲ. ಗಾಡಿ ಮುಗಿಯಲಿ ಎನ್ನುತ್ತಿದ್ದ, ಪ್ರಾಮಾಣಿಕವಾಗಿಯೇ. ಗಾಡಿ ಮುಗಿಯುತ್ತಿರಲಿಲ್ಲ. ಮಡ್‌ಗಾರ್ಡಾಯಿತು, ಚಕ್ರದ ಕಡ್ಡಿಗಳಾಯಿತು, ಹೆಡ್‌ಲೈಟಿನ ಬಳೆಯಾಯಿತು. ಬಲಮಗ್ಗುಲು ಇನ್ನಷ್ಟು ಮಾಸಿತು, ಅದನ್ನು ಹಿಡಿಯಲು ಎಡಮಗ್ಗುಲನ್ನು ಮತ್ತೆ ಮಾಸಿಸಬೇಕಾಯಿತು. ಅವಳ ಅಣ್ಣ ಮೂರು ಗಂಡುಗಳನ್ನು ತೋರಿಸಿ ಸೋತ. ನಿನ್ನ ಮೇಷ್ಟ್ರು ಗಾಡಿಗೆ ತಾಳಿ ಕಟ್ಟಿದ್ದಾನೆ, ನೀನು ಅದರ ಸವತಿ ಎಂದು ಬೈದ. ಬಣ್ಣಕ್ಕೆ ಬೆರೆಸುವ ತಿನ್ನರಿನ ಹೊಗೆಯಲ್ಲಿ ಅವಳ ಮೂಗು ಸತ್ತಿತು. ಅದು ಗೊತ್ತಿಲ್ಲದೆ ಒಂದು ಸಂಜೆ ಅವನು ಮಲ್ಲಿಗೆ ತಂದ. ಅವಳು ಹೂವನ್ನು ಮುಖಕ್ಕೆ ಹಿಡಿದು ಕಣ್ಣು ಮುಚ್ಚಿ, ಎಷ್ಟು ಘಮ ಎಂದಳು. ಊಟಕ್ಕೆ ಹೋದ ಪೇಂಟರನ್ನು ಬಿಟ್ಟರೆ, ಅವಳು ಅವನಿಗೆ ಹೇಳಿದ ಒಂದೇ ಸುಳ್ಳು ಅದು.

ಹದಿನಾಲ್ಕನೆಯ ವರ್ಷ ಗಾಡಿ ಮುಗಿಯಿತು. ಹಳೇ ವಾಹನಗಳ ಪ್ರದರ್ಶನಕ್ಕೆ ಹೋಗೋಣ, ನೀನೂ ಬಾ ಎಂದ. ಊರಿನ ನಡುವೆ, ಹಗಲು ಹೊತ್ತಿನಲ್ಲಿ ‘ಬಾ’ ಎಂದದ್ದು ಅದೇ ಮೊದಲು. ಅವಳು ಉಗುರಿನ ಸಂದಿನ ಬಣ್ಣವನ್ನು ರಕ್ತ ಬರುವ ಹಾಗೆ ಉಜ್ಜಿ ತೊಳೆದುಕೊಂಡು ಬಂದಳು.

ದೊಡ್ಡ ಸಭಾಂಗಣ. ಸಾಲಾಗಿ ನಿಂತ ಗಾಡಿಗಳು, ಸುತ್ತ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ‘ಮುಟ್ಟಬೇಡಿ’ ಎಂಬ ಫಲಕಗಳು. ಎರಡು ವಿಭಾಗಗಳಿದ್ದವು: ರಿಪೇರಿ ಮಾಡಿದ್ದು, ಅಸಲಿ. ರಿಪೇರಿಯ ಸಾಲಿನಲ್ಲಿ ಅವನ ಗಾಡಿ ಹುಡುಕಿದಳು. ಇರಲಿಲ್ಲ. ಅದು ಅಸಲಿಯ ಸಾಲಿನ ನಡುವೆ ನಿಂತಿತ್ತು, ಪಕ್ಕದ ಕುರ್ಚಿಯಲ್ಲಿ ಅವನ ತಾಯಿ. ಗೆದ್ದ ಗಾಡಿಗೆ ಮ್ಯೂಸಿಯಮ್ಮಿನಲ್ಲಿ ಶಾಶ್ವತ ಜಾಗ, ಮಾಲೀಕನ ಹೆಸರು ಹಿತ್ತಾಳೆಯಲ್ಲಿ.

ತೀರ್ಪುಗಾರ ಬಿಳಿಗೂದಲಿನ ಮುದುಕ, ಸಭ್ಯ ಮನುಷ್ಯ. ಮಸೂರ ಹಿಡಿದು ಟ್ಯಾಂಕಿನ ಎಡಮಗ್ಗುಲಿನ ಮುಂದೆ ಮುಕ್ಕಾಲು ಗಂಟೆ ಕೂತಿದ್ದರು. ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು. ಈಗ ಇಂಥ ಕೈ ಎಲ್ಲಿದೆ, ಹೇಳಿ ಎಂದರು. ಆ ಕಾಲದ ಕೈಯೇ ಬೇರೆ. ಅವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅವಳ ಕೆಲಸಕ್ಕೆ ಜನ್ಮದಲ್ಲಿ ಸಿಕ್ಕ ದೊಡ್ಡ ಹೊಗಳಿಕೆ, ಅವಳು ಇಲ್ಲವೇ ಇಲ್ಲ ಎಂಬುದು.

ನಿಯಮದ ಪ್ರಕಾರ, ಗಾಡಿಯನ್ನು ಹತ್ತು ವರ್ಷದಿಂದ ಬಲ್ಲ ಒಬ್ಬರ ಸಾಕ್ಷಿ ಸಹಿ ಬೇಕಿತ್ತು. ಮನೆಯವರದು ಆಗದು. ಅವನು ಹಾಳೆ, ಪೆನ್ನು ಹಿಡಿದು ಹಗ್ಗದೊಳಗೆ ಅವಳನ್ನು ಕರೆದ. ಕರೆದುಕೊಂಡು ಬಂದದ್ದು ಇದಕ್ಕೆ ಎಂದು ಅವಳಿಗೆ ಆಗ ತಿಳಿಯಿತು.

ಅವಳು ಓದಿದಳು. ಬೋರ್ಡು ಬರೆಯುವವಳು, ಅಕ್ಷರ ಅಕ್ಷರ ಬಿಡದೆ ಓದಿದಳು. ಕೊನೆಗೆ ಕೇಳಿದಳು: “ಕಾರ್ಖಾನೆಯಲ್ಲಿ ಇದನ್ನ ಯಾರು ಬಳಿದ್ರಂತೆ?”

“ಅದು... ಕಾರ್ಖಾನೆ.”

“ಕಾರ್ಖಾನೆಗೆ ಕೈ ಇರುತ್ತಾ?”

ಜನ ನೋಡ್ತಿದ್ದಾರೆ ಎಂದ. ಆಮೇಲೆ ಅವಳ ಹತ್ತಿರ ಬಾಗಿ, ಹದಿನಾಲ್ಕು ವರ್ಷ ಅವಳು ಕಾದ ದನಿಯಲ್ಲಿ, ಕಾದ ಮಾತನ್ನೇ ಆಡಿದ. ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ. ಮದುವೆ ಅರ್ಜಿ ತಂದಿದ್ದೀನಿ, ಜೇಬಲ್ಲಿದೆ, ನೋಡು. ಅಮ್ಮನೂ ಒಪ್ಪಿದ್ದಾಳೆ. ಜೇಬಿನಿಂದ ಮಡಿಸಿದ ಕಾಗದ ನಿಜವಾಗಿಯೂ ಇಣುಕಿತು. ಅವನ ಕಣ್ಣಲ್ಲಿ ನೀರಿತ್ತು, ಅದೂ ನಿಜವೇ. ಕುರ್ಚಿಯಿಂದ ತಾಯಿ, ಸಹಿ ಹಾಕಮ್ಮಾ, ಆಮೇಲೆ ನೀನೂ ನಮ್ಮೋಳೇ ಅಲ್ವಾ ಎಂದರು.

ಅವಳ ಎದೆ ಹಾರಿತು. ನಾಚಿಕೆಯಿಲ್ಲದೆ, ಹದಿನಾಲ್ಕು ವರ್ಷ ಹಿಂದಿನ ಹಾಗೆಯೇ ಹಾರಿತು. ಪೆನ್ನು ಹಿಡಿದಳು. ಹಿಡಿದುಕೊಂಡೇ ಒಂದು ಮಾತು ಕೇಳಿದಳು, ಮದುವೆಯ ದಿನ ನಾಲ್ಕು ಜನ ಕೇಳಿಯೇ ಕೇಳುವ ಮಾತು: ನಾವಿಬ್ಬರೂ ಹೇಗೆ ಒಂದಾದೆವು ಅಂತ ಏನು ಹೇಳೋದು?

ಅವನು ಅದನ್ನೂ ಮೊದಲೇ ಯೋಚಿಸಿದ್ದ.

“ನೀನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡ್ತಿದ್ದೆ ಅನ್ನೋಣ. ಬರೀ ನೋಡ್ತಿದ್ದೆ. ಒಳಗೆ ಬಂದಿಲ್ಲ.”

ಸಭಾಂಗಣದ ಗದ್ದಲ ಅವಳ ಕಿವಿಗೆ ನಿಂತುಹೋಯಿತು. ಏಣಿ, ಶೇಷ ಎರಡು, ಬದನೆಕಾಯಿ ಮುಖ, ಸೀಮೆಸುಣ್ಣ, ಆ ಚಳಿಗಾಲ. ಬಣ್ಣವನ್ನು ಯಾರೂ ಮುಟ್ಟದಿದ್ದರೆ ಇದ್ಯಾವುದೂ ನಡೆಯಲಿಲ್ಲ. ಅವನು ಅವಳನ್ನು ಮದುವೆಯಾಗಲು ಸಿದ್ಧನಿದ್ದ. ಅವಳನ್ನು ಪ್ರೀತಿಸಿದ್ದು ಮಾತ್ರ ಸುಳ್ಳಾಗಬೇಕಿತ್ತು.

ಪೆನ್ನಿಗೆ ಮುಚ್ಚಳ ಹಾಕಿದಳು. ಅವನ ಜೇಬಿಗೆ, ಆ ಅರ್ಜಿಯ ಪಕ್ಕಕ್ಕೆ ಸಿಕ್ಕಿಸಿದಳು. ಏನ್ ಮಾಡ್ತಿದ್ದೀಯಾ ಎಂದ. ಅವಳು ಬಲಗೈಯ ಐದೂ ಬೆರಳು ಬಿಡಿಸಿ ಟ್ಯಾಂಕಿನ ಎಡಮಗ್ಗುಲಿನ ಮೇಲಿಟ್ಟಳು. ಲೋಹ ತಣ್ಣಗಿತ್ತು. ಕೈ ಇಟ್ಟ ಜಾಗದಿಂದ ಬೆಚ್ಚಗಾಗತೊಡಗಿತು.

ಆಚೆ ಸಾಲಿನ ಜನ ಇತ್ತ ತಿರುಗಿದರು. ತೀರ್ಪುಗಾರರು ಫಲಕ ತೋರಿಸಿ, ದಯವಿಟ್ಟು ಹಗ್ಗದಿಂದ ಹೊರಗೆ ಬನ್ನಿ ಎಂದು ವಿನಯವಾಗಿಯೇ ಹೇಳಿದರು. ತಾಯಿ ಕುರ್ಚಿಯಿಂದ ಎದ್ದು, ಬುದ್ಧಿ ಹೇಳೋ ಅವಳಿಗೆ ಎಂದು ಮಗನನ್ನು ತಿವಿದರು. ಅವನ ಕಿವಿ ಕೆಂಪಾಗಿರಲಿಲ್ಲ, ಬಿಳಿಚಿತ್ತು.

“ಗೆರೆ,” ಎಂದ ಮೆಲ್ಲಗೆ, ಆಸೆಯಿಂದ. ಅವಳು ಅಲ್ಲಾಡಲಿಲ್ಲ. ಅವನು ಸುತ್ತ ನೋಡಿದ, ದನಿ ಏರಿಸಿದ.

“ಎಲ್ಲಾ ನೋಡ್ತಿದ್ದಾರೆ. ಕೈ ತೆಗಿ.”

“ತೆಗೆಯಲ್ಲ,” ಎಂದಳು.