ಹಾಲಿನ ಸೊಸೈಟಿಯ ಕೋಣೆ

"ಏಳು ಮೂರ್ಲಿ ಇಪ್ಪತ್ತೊಂದು!"

ಪರದೆಯ ಆಚೆಯಿಂದ ಮೂರನೇ ಕ್ಲಾಸು ಒಟ್ಟಿಗೆ ಕೂಗಿತು. ಪರದೆಯ ಈಚೆ ನಾಲ್ಕನೇ ಕ್ಲಾಸಿನಲ್ಲಿ ಉಕ್ತಲೇಖನ ನಡೆಯುತ್ತಿತ್ತು. ಶಂಕರಿ ಟೀಚರ್ ಬೆಂಚುಗಳ ನಡುವೆ ಸುತ್ತುತ್ತಾ ಬಂದು ಶ್ರೀರಂಜಿನಿಯ ಪುಸ್ತಕ ಎತ್ತಿದರು. ಎರಡು ಸಲ ಓದಿದರು.

"ಎಂತ ಇದು? 'ಹೊಳೆಯು ಪಶ್ಚಿಮಕ್ಕೆ ಇಪ್ಪತ್ತೊಂದು ಹರಿದು ಸಮುದ್ರವನ್ನು ಸೇರುತ್ತದೆ.' ಇಪ್ಪತ್ತೊಂದು ಹರಿಯುವುದು ಹೇಗೆ?"

ಕ್ಲಾಸು ನಕ್ಕಿತು. ವಿಘ್ನೇಶ ಎಷ್ಟು ನಕ್ಕನೆಂದರೆ ಬೆಂಚಿನಿಂದ ಅರ್ಧ ಜಾರಿದ. ಅವನ ಹೊಳೆ ಇಪ್ಪತ್ತೆಂಟು ಹರಿದಿತ್ತು. ಅದನ್ನು ಅವನು ಕೈಯಿಂದ ಮುಚ್ಚಿಕೊಂಡಿದ್ದ.

ಟೀಚರ್ ನಗಲಿಲ್ಲ. "ನಿನ್ನ ತಪ್ಪಲ್ಲ ಮಗಾ. ಒಂದೇ ಹಾಲ್, ಎರಡು ಕ್ಲಾಸು. ನಾನು ಓದಿದ್ದು ನನಗೇ ಕೇಳುವುದಿಲ್ಲ" ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡಿದರು.

ಶಾಲೆಯ ಅಂಗಳಕ್ಕೆ ತಾಗಿ ಒಂದು ಹಳೆಯ ಕೋಣೆ ಇತ್ತು. ಹಿಂದೆ ಅಲ್ಲಿ ಹಾಲಿನ ಸೊಸೈಟಿ ನಡೆಯುತ್ತಿತ್ತು. ಸೊಸೈಟಿ ಪೇಟೆಗೆ ಹೋದ ಮೇಲೆ ಕೋಣೆ ಪಂಚಾಯತಿನದ್ದಾಗಿ ಉಳಿಯಿತು. ಮಾಡಿನ ಹಂಚು ಜಾರಿತ್ತು, ಬಾಗಿಲು ಇರಲಿಲ್ಲ. ಆದರೆ ಗೋಡೆ ಗಟ್ಟಿಯಾಗಿತ್ತು.

"ಆದಿತ್ಯವಾರ ನಮ್ಮ ಶಾಲೆಯಲ್ಲೇ ಗ್ರಾಮಸಭೆ ಉಂಟು" ಎಂದರು ಟೀಚರ್. "ಆ ಕೋಣೆಯನ್ನು ರಿಪೇರಿ ಮಾಡಿ ಕ್ಲಾಸಿಗೆ ಕೊಡಿ ಅಂತ ಕೇಳ್ಬೇಕು. ಶ್ರೀರಂಜಿನಿ, ಮಕ್ಕಳ ಪರವಾಗಿ ನೀನು ಮಾತಾಡು. ಈ ಇಪ್ಪತ್ತೊಂದರ ಸುದ್ದಿಯನ್ನೂ ಹೇಳು."

ಸಂಜೆ ಶ್ರೀರಂಜಿನಿ ಓಡುತ್ತಲೇ ಮನೆಗೆ ಬಂದಳು. ತುಳಸಿಕಟ್ಟೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಅಂಗಳದ ಮೂಲೆಯಲ್ಲಿ ಹೊನ್ನಯ್ಯ ಅಜ್ಜ ಹಲಸಿನ ಮರದ ಎದುರು ಕೈ ಕಟ್ಟಿ ನಿಂತಿದ್ದರು.

"ಸಭೆಯಲ್ಲಿ ಸೇರಿದ ಎಲ್ಲರಿಗೂ ನಮಸ್ಕಾರ" ಎಂದರು ಮರಕ್ಕೆ.

"ಅಜ್ಜ, ಯಾರ ಹತ್ರ ಮಾತಾಡುದು?"

"ಮರದ ಹತ್ರ. ಇದಾದರೆ ಮಧ್ಯದಲ್ಲಿ ಎದ್ದು ಹೋಗುದಿಲ್ಲ."

ಅಜ್ಜ ಯೌವನದಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದವರು. ಈಗ ಮೊಣಕಾಲು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಸ್ವರ ಮಾತ್ರ ಗಟ್ಟಿಯಾಗಿತ್ತು. ಶನಿವಾರ ಭಜನಾ ಮಂದಿರದಲ್ಲಿ ಮೊದಲ ಹಾಡು ಎತ್ತಿಕೊಡುವವರು ಅವರೇ. ಅದಕ್ಕೇ ಊರಿನ ಪ್ರಾಯದವರೆಲ್ಲ, ಅಜ್ಜ ಅಜ್ಜಿಯರೆಲ್ಲ ಸೇರಿ, ಗ್ರಾಮಸಭೆಯಲ್ಲಿ ನಮ್ಮ ಪರವಾಗಿ ನೀನೇ ಮಾತಾಡು ಎಂದಿದ್ದರು.

"ನಮಗೊಂದು ಪಗಲ್ ವೀಡ್ ಬೇಕು ಅಂತ ಕೇಳುವುದು" ಎಂದರು ಅಜ್ಜ. "ಅಂದರೆ ಹಗಲು ಮನೆ. ಪ್ರಾಯದವರು ಬೆಳಗ್ಗೆ ಹೋಗಿ ಕೂತು ಸಂಜೆ ಮನೆಗೆ ಬರುವುದು. ಹಾಲಿನ ಸೊಸೈಟಿಯ ಕೋಣೆ ಉಂಟಲ್ಲ, ಅದನ್ನು ಸರಿ ಮಾಡಿದರೆ ಸಾಕು."

ಶ್ರೀರಂಜಿನಿ ಬ್ಯಾಗನ್ನು ಜಗಲಿಯಲ್ಲಿ ಇಟ್ಟಳು. "ಆ ಕೋಣೆ ನಮಗೆ ಬೇಕು ಅಜ್ಜ. ನಾನೂ ಮಾತಾಡ್ಲಿಕ್ಕುಂಟು."

ಅಡುಗೆಮನೆಯ ಕಿಟಕಿಯಿಂದ ಅಮ್ಮನ ನಗು ಕೇಳಿತು. "ಒಂದೇ ಮನೆಯಲ್ಲಿ ಎರಡು ಪಾರ್ಟಿಯಾ? ಇನ್ನು ನಾನು ಎರಡು ಒಲೆ ಹಚ್ಚಬೇಕಾ?"

ಅಜ್ಜನೂ ನಕ್ಕರು. ಮತ್ತೆ ನಾಲ್ಕು ದಿನ ಇಬ್ಬರೂ ಅದೇ ಅಂಗಳದಲ್ಲಿ ಅಭ್ಯಾಸ ಮಾಡಿದರು.

"ಓಡ್ಬೇಡ" ಎನ್ನುತ್ತಿದ್ದರು ಅಜ್ಜ. "ಭಜನೆಯಲ್ಲಿ ತಾಳಕ್ಕೆ ಕಾಯುದಿಲ್ವಾ, ಹಾಗೆ. ಒಂದು ಮಾತು ಹೇಳು, ನಿಲ್ಲು. ಅದು ಅವರಿಗೆ ಹೋಗಿ ಮುಟ್ಟಲಿ."

"ನೀವು ಕೈ ಕಟ್ಬೇಡಿ ಅಜ್ಜ. ಪನಿಶ್‌ಮೆಂಟ್ ಸಿಕ್ಕಿದ ಹಾಗೆ ಕಾಣ್ತದೆ" ಎನ್ನುತ್ತಿದ್ದಳು ಅವಳು.

ಶನಿವಾರ ಅಜ್ಜ ಮಂದಿರಕ್ಕೆ ಹೊರಟಾಗ ಅವಳು ಕೇಳಿಯೇ ಬಿಟ್ಟಳು. "ಅಜ್ಜ, ಓಟಿನ ಹೊತ್ತಿಗೆ ನೀವು ನಮ್ಮ ಶಾಲೆಗೇ ಕೈ ಎತ್ತುದಲ್ವಾ?"

ಅಜ್ಜ ಬಗ್ಗಿ ತುಳಸಿಕಟ್ಟೆಯ ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ದೂಡಿದರು. ಮಂದಿರದ ದಾರಿ ಹಿಡಿದರು.

ಆದಿತ್ಯವಾರ ಮಧ್ಯಾಹ್ನ ಶಾಲೆಯ ಹಾಲ್‌ನ ಪರದೆಯನ್ನು ಬಿಚ್ಚಿ ಬೆಂಚುಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲರಿಗಿಂತ ಮೊದಲು ಬಂದವರು ಪ್ರಾಯದವರು. ಗ್ರಾಮಸಭೆಗೆ ಬಂದು ಸೈನ್ ಹಾಕದಿದ್ದರೆ ಪೆನ್ಶನ್ ನಿಲ್ಲುತ್ತದೆ ಎಂದು ಅವರಲ್ಲಿ ಯಾರೋ ಯಾವಾಗಲೋ ಹೇಳಿದ್ದರು. ಅದು ಊರಿಡೀ ಗಟ್ಟಿಯಾಗಿ ಕೂತಿತ್ತು.

"ಅಜ್ಜ, ಸೈನಿಗೂ ಪೆನ್ಶನಿಗೂ ಸಂಬಂಧ ಇಲ್ಲ. ಹೋದ ವರ್ಷವೂ ಹೇಳಿದ್ದೇನೆ" ಎಂದರು ವಾರ್ಡಿನ ಮೆಂಬರ್ ಹರಿಣಾಕ್ಷಿ.

"ಗೊತ್ತುಂಟು ಮೆಂಬ್ರೇ" ಎಂದರು ಸಾಲಿನಲ್ಲಿ ಮೊದಲು ನಿಂತಿದ್ದ ಬಟ್ಯಜ್ಜ. "ಆದ್ರೂ ಒಂದು ಇರಲಿ" ಎಂದು ಸೈನ್ ಹಾಕಿ, ಪೆನ್ನನ್ನು ಹಿಂದಿನವರಿಗೆ ದಾಟಿಸಿದರು.

ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬಂದವರು ಕಡಿಮೆ. ಶ್ರೀರಂಜಿನಿಯ ಅಮ್ಮನೂ ಮದುವೆಮನೆಯೊಂದರ ಅಡುಗೆ ಕೆಲಸಕ್ಕೆ ಹೋಗಿದ್ದಳು. ಹಾಲ್ ತುಂಬ ಬಿಳಿ ಕೂದಲು.

ನಾಲ್ಕನೇ ಕ್ಲಾಸಿನವರು ಯೂನಿಫಾರ್ಮ್ ಹಾಕಿ ಬಂದಿದ್ದರು. ಸಭೆಗೆ ಲಿಂಬೆ ಶರಬತ್ತು ಕೊಡುವ ಕೆಲಸ ಅವರದ್ದು. ಗೆಳತಿ ಸಫ್ನಾ ಟ್ರೇ ಹಿಡಿದುಕೊಂಡು ಶ್ರೀರಂಜಿನಿಯ ಕಿವಿಯಲ್ಲಿ ಹೇಳಿದಳು, "ನೋಡು, ಎಲ್ಲ ನಿನ್ನ ಅಜ್ಜನ ಪಾರ್ಟಿಯೇ. ಔಟ್ ನಾವು."

ಹರಿಣಾಕ್ಷಿ ಮೆಂಬರ್ ಎದ್ದು ನಿಂತರು. "ನಿಮ್ಮ ಪೆನ್ಶನನ್ನು ಯಾರೂ ಮುಟ್ಟುದಿಲ್ಲ, ಅದು ಬೇರೆ. ನಮ್ಮ ವಾರ್ಡಿಗೆ ಈ ವರ್ಷ ಬಂದ ಹಣ ಒಂದು ಕೆಲಸಕ್ಕೆ ಮಾತ್ರ ಸಾಕು. ಆ ಕೋಣೆ ಪ್ರಾಯದವರಿಗಾ, ಮಕ್ಕಳಿಗಾ? ನೀವೇ ಹೇಳ್ಬೇಕು."

"ಅರ್ಧ ಅರ್ಧ ಮಾಡಿದ್ರೆ?" ಎಂದರು ಬಟ್ಯಜ್ಜ.

"ನಿಮಗೂ ಹಗಲು ಬೇಕು, ಮಕ್ಕಳಿಗೂ ಹಗಲು ಬೇಕು. ಕೋಣೆ ಒಂದೇ. ಅದಕ್ಕೂ ನಡುವೆ ಪರದೆ ಕಟ್ಟುವುದಾ?"

ಮೊದಲು ಅಜ್ಜ ಎದ್ದರು. ಕೈ ಕಟ್ಟಲಿಲ್ಲ.

"ಪೆನ್ಶನ್ ಬರ್ತದೆ. ಇಲ್ಲ ಅಂತ ಹೇಳಿದ್ರೆ ದೇವರು ಮೆಚ್ಚಲಿಕ್ಕಿಲ್ಲ" ಎಂದರು. ನಿಲ್ಲಿಸಿದರು. "ಮದ್ದಿಗೆ, ಎಲೆ ಅಡಿಕೆಗೆ ಆಗ್ತದೆ. ಆದ್ರೆ ಹಗಲನ್ನು ಎಂತ ಮಾಡುವುದು? ನಾವು ಗಂಡಸರು ಬಸ್ಸಿನ ಶೆಲ್ಟರಿನಲ್ಲಿ ಹೋಗಿ ಕೂರ್ತೇವೆ. ಬೋವಿಕಾನದ ಬಸ್ಸು ಬರ್ತದೆ, ಎಲ್ಲರೂ ಹತ್ತಿ ಹೋಗ್ತಾರೆ. ನಾವು ಅಲ್ಲೇ. ಮೊದಲೆಲ್ಲ ಕಂಡಕ್ಟರ್ 'ಬರ್ತೀರಾ ಅಜ್ಜ' ಅಂತ ಕೇಳ್ತಿದ್ದ. ಈಗ ಅವನೂ ಕೇಳುದಿಲ್ಲ."

ಕೆಲವರು ನಕ್ಕರು. ಅಜ್ಜ ಕಾದರು.

"ನಮ್ಮದು ಹೋಗಲಿ. ಹೆಂಗಸರು ಎಲ್ಲಿ ಕೂರುವುದು? ಹೋದ ಮಳೆಗಾಲದಲ್ಲಿ ನಬೀಸಮ್ಮ ಹಿತ್ತಿಲಲ್ಲಿ ಜಾರಿ ಬಿದ್ದದ್ದು ಬೆಳಗ್ಗೆ. ಗೊತ್ತಾದದ್ದು ಸಂಜೆ, ಪುಳ್ಳಿ ಶಾಲೆಯಿಂದ ಬಂದ ಮೇಲೆ. ಹತ್ತಿರ ಒಬ್ಬರು ಇದ್ದಿದ್ದರೆ ಸಾಕಿತ್ತು. ನಾವು ಕೇಳುವುದು ಅಷ್ಟೇ."

ಸಫ್ನಾ ಟ್ರೇಯನ್ನು ನೋಡುತ್ತಾ ನಿಂತಳು. ಆ ಪುಳ್ಳಿ, ನಬೀಸಮ್ಮನ ಮೊಮ್ಮಗಳು, ಅವಳೇ.

ಆಮೇಲೆ ಶ್ರೀರಂಜಿನಿಯನ್ನು ಕರೆದರು. ಇಪ್ಪತ್ತೊಂದು ಹರಿದ ಹೊಳೆಯ ಸುದ್ದಿ ಹೇಳಿದಾಗ ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಟ್ಯಜ್ಜ. ನಗು ಮುಗಿಯುವವರೆಗೆ ಅವಳು ಕಾದಳು.

"ನೀವೆಲ್ಲ ನಕ್ಕಿರಿ. ಆ ದಿನ ಕ್ಲಾಸಿನವರೂ ನಕ್ಕರು. ಆದ್ರೆ ನಾವು ದಿನಾ ಹಾಗೆಯೇ ಕಲಿಯುವುದು. ಟೀಚರ್ ಹೇಳಿದ್ದರಲ್ಲಿ ಅರ್ಧ ನಮಗೆ ಕೇಳುದೇ ಇಲ್ಲ. ನಮಗೆ ಕೇಳುವ ಹಾಗೆ ಒಂದು ಕ್ಲಾಸು ಕೊಡಿ."

ಚಪ್ಪಾಳೆ ಬಿತ್ತು. ಅವಳು ಹೋಗಿ ಮಕ್ಕಳ ಸಾಲಿನಲ್ಲಿ ನಿಂತಳು. ಯೂನಿಫಾರ್ಮಿನ ಮಕ್ಕಳು ಗೋಡೆಯ ಉದ್ದಕ್ಕೂ, ಬೆಂಚುಗಳ ಎದುರೇ, ಸಾಲಾಗಿ ನಿಂತಿದ್ದರು.

"ಹಗಲು ಮನೆ ಬೇಕು ಎನ್ನುವವರು ಮೊದಲು ಕೈ ಎತ್ತಿ" ಎಂದರು ಮೆಂಬರ್.

ಶ್ರೀರಂಜಿನಿ ಬೆಂಚುಗಳ ಕಡೆಗೆ ನೋಡಿದಳು.

ನಬೀಸಮ್ಮನ ಕೈ ಮಡಿಲಿನಿಂದ ಮೇಲೆ ಬಂತು. ಬಂದದ್ದು ತಲೆಯ ವಸ್ತ್ರವನ್ನು ಸರಿಮಾಡಿ ಪುನಃ ಮಡಿಲಿಗೆ ಹೋಯಿತು. ಬಟ್ಯಜ್ಜ ಕಿವಿಯ ಹಿಂದೆ ತುರಿಸಿಕೊಂಡರು. ಉಳಿದವರು ಶರಬತ್ತಿನ ಗ್ಲಾಸಿನೊಳಗೆ ನೋಡಿದರು.

ಇಡೀ ಹಾಲ್‌ನಲ್ಲಿ ಒಂದೇ ಕೈ ಮೇಲಿತ್ತು. ಅದು ಹೊನ್ನಯ್ಯ ಅಜ್ಜನದ್ದು.

"ಶಾಲೆಗೆ ಬೇಕು ಎನ್ನುವವರು?"

ಉಳಿದ ಕೈಗಳೆಲ್ಲ ಎದ್ದವು. ಮಕ್ಕಳು ಹೋ ಎಂದು ಕೂಗಿದರು. ಶಂಕರಿ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಗೆದ್ದೆವು ಮಾರಾಯ್ತಿ!" ಎಂದು ವಿಘ್ನೇಶ ಹಾರಿದ. ಹಾರಿ ಇಳಿದ ಮೇಲೆ ಹೇಳಿದ, "ಆದ್ರೆ ನಿನ್ನ ಅಜ್ಜನೇ ನಿನಗೆ ಓಟು ಹಾಕ್ಲಿಲ್ಲ!"

ಶ್ರೀರಂಜಿನಿಯ ಮುಖ ಬಿಸಿಯಾಯಿತು. ಅವಳು ಖಾಲಿ ಗ್ಲಾಸುಗಳನ್ನು ಒಟ್ಟುಮಾಡಿಕೊಂಡು ಜಗಲಿಯ ಕಡೆಗೆ ಹೋದಳು. ಕಂಬದ ಆಚೆ ಅಜ್ಜ, ಬಟ್ಯಜ್ಜ, ನಬೀಸಮ್ಮ ಚಪ್ಪಲಿ ಹುಡುಕುತ್ತಿದ್ದರು.

"ಬೇಜಾರು ಮಾಡ್ಬೇಡ ಹೊನ್ನಯ್ಯ" ಎನ್ನುತ್ತಿದ್ದರು ಬಟ್ಯಜ್ಜ. "ಕೈ ಎತ್ತುವ ಅಂತಲೇ ಬಂದದ್ದು. ಈ ಮಕ್ಕಳು ಶರಬತ್ತು ಕೊಟ್ಟು ಎದುರೇ ನಿಂತ್ರೆ ಹೇಗೆ ಎತ್ತುವುದು ಮಾರಾಯ?"

"ಸಫ್ನಾ ನನ್ನನ್ನೇ ನೋಡ್ತಾ ಇದ್ದಳು" ಎಂದರು ನಬೀಸಮ್ಮ. "ಹೋಗಲಿ. ಮಕ್ಕಳು ಕಲಿಯಲಿ. ನಮ್ಮದು ಹೇಗೂ ಆಗ್ತದೆ."

ಶ್ರೀರಂಜಿನಿ ಕಂಬದ ಈಚೆ ಅಲ್ಲಾಡದೆ ನಿಂತಳು. ಕೈಯಲ್ಲಿದ್ದ ಗ್ಲಾಸುಗಳು ಸದ್ದು ಮಾಡದ ಹಾಗೆ ಹಿಡಿದುಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಶ್ರೀರಂಜಿನಿ ಕೇಳಿದಳು.

"ಒಬ್ಬರೇ ಕೈ ಎತ್ತಲಿಕ್ಕೆ ನಿಮಗೆ ನಾಚಿಕೆ ಆಗ್ಲಿಲ್ವಾ ಅಜ್ಜ?"

"ಆಯ್ತು."

"ಮತ್ತೆ ಯಾಕೆ ಎತ್ತಿದ್ದು?"

"ಬೇಕು ಅಂತ ಅಷ್ಟು ಜನರ ಎದುರು ಹೇಳಿದವ ನಾನು. ಬೇಕಾದ್ದು ಹೌದು. ಮತ್ತೆ ಕೈ ಕೆಳಗೆ ಇಟ್ಟರೆ ಸುಳ್ಳು ಹೇಳಿದ ಹಾಗೆ ಅಲ್ವಾ?"

"ನಿಮಗೆ ನನ್ನ ಮೇಲೆ ಕೋಪ ಉಂಟಾ?"

"ಎಂತಕ್ಕೆ? ನಿನಗೆ ಬೇಕಾದ್ದೂ ಹೌದಲ್ಲ. ಒಳ್ಳೆ ಮಾತಾಡಿದೆ. ಎಲ್ಲಿಯೂ ಓಡ್ಲಿಲ್ಲ."

ಅವರ ಮುಂದೆ ನಬೀಸಮ್ಮ ಸಫ್ನಾಳ ಭುಜ ಹಿಡಿದುಕೊಂಡು ಹೋಗುತ್ತಿದ್ದರು. ತಿರುವಿನಲ್ಲಿ ಇಬ್ಬರೂ ಮರೆಯಾಗುವವರೆಗೆ ಶ್ರೀರಂಜಿನಿ ನೋಡಿದಳು. ನಾಳೆ ಬೆಳಗ್ಗೆ ಸಫ್ನಾ ಶಾಲೆಗೆ ಬರುತ್ತಾಳೆ. ಅವಳು ಬಂದ ಮೇಲೆ ಆ ಮನೆಯಲ್ಲಿ ಉಳಿಯುವುದು ನಬೀಸಮ್ಮ ಒಬ್ಬರೇ.

"ಅಜ್ಜ, ಇನ್ನೊಂದು ಗ್ರಾಮಸಭೆ ಬರ್ತದಲ್ವಾ?"

"ಬರ್ತದೆ."

"ಆಗ ಪುನಃ ಕೇಳ್ತೀರಾ?"

"ಕೇಳುವ. ದೇವರು ಇಟ್ಟಿದ್ದರೆ."

ಅವಳು ಸ್ವಲ್ಪ ಯೋಚಿಸಿದಳು.

"ಆಗ ನಾವು ಮಕ್ಕಳು ಹಾಲ್‌ನ ಒಳಗೆ ನಿಲ್ಲುದಿಲ್ಲ ಅಜ್ಜ. ಕೈ ಎತ್ತಿ ಆಗುವವರೆಗೆ ಹೊರಗೆ ಇರ್ತೇವೆ. ನಾನೇ ಟೀಚರಿಗೆ ಹೇಳ್ತೇನೆ."

ಅಜ್ಜ ನಡೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಮುಂದೆ ಏರುದಾರಿ ಇತ್ತು. ಶ್ರೀರಂಜಿನಿ ತನ್ನ ಹೆಜ್ಜೆಯನ್ನು ಅಜ್ಜನ ಹೆಜ್ಜೆಗೆ ಸರಿಯಾಗಿ ನಿಧಾನ ಮಾಡಿದಳು.