ಮೂವತ್ತೊಂದನೆಯ ಹೆಸರು

ಅಕ್ಷರಮಾಲೆಯ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ಅವಳಿಗೆ ಬಂದಿತ್ತು. ಕಿವಿ ಆಸ್ಪತ್ರೆಯ ನೋಂದಣಿ ಮೇಜಿನಿಂದ ಎದ್ದವಳೇ ದಡದಡ ಮೆಟ್ಟಿಲು ಹತ್ತಿ, ಪ್ರೋಗ್ರಾಮರ್ ಕೂರುವ ಕೋಣೆಯ ಬಾಗಿಲನ್ನು ತಟ್ಟದೆಯೇ ನೂಕಿದಳು.

"ಏನ್ರೀ ಮಾಡಿದ್ದೀರಿ ನನ್ನ ಪಟ್ಟಿಗೆ?"

ಉಚಿತ ಶ್ರವಣಯಂತ್ರಕ್ಕೆ ಕಾಯುತ್ತಿದ್ದ ಐವತ್ತೆರಡು ಜನರ ಪಟ್ಟಿ ಅದು. ಮೊದಲು ಬಂದವರ ಹೆಸರು ಮೇಲೆ, ಆಮೇಲೆ ಬಂದವರದು ಕೆಳಗೆ. ಎಂಟು ತಿಂಗಳಿಂದ ಒಂದೊಂದಾಗಿ ಅವಳೇ ಸೇರಿಸಿದ್ದಳು. ಇವತ್ತು ಬರೀ ಇಪ್ಪತ್ತು ಯಂತ್ರ ಬಂದಿದ್ದವು. ಮೇಲಿನ ಇಪ್ಪತ್ತು ಜನರಿಗೆ ಈಗ, ಉಳಿದವರಿಗೆ ಇನ್ನೊಂದು ವರ್ಷ ಬಿಟ್ಟು. ಅಂಥ ಪಟ್ಟಿ ಈಗ 'ಅ'ದಿಂದ ಶುರುವಾಗಿ 'ಹ'ದಲ್ಲಿ ಮುಗಿದಿತ್ತು.

"ಎರಡು ಸಲ ಸೇರಿದ ಹೆಸರು ಹುಡುಕೋಕೆ ಅಕ್ಷರದ ಪ್ರಕಾರ ಸಾರ್ಟ್ ಮಾಡಿದೆ," ಎಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಸಾರ್ಟ್‌ನಲ್ಲಿ ಎರಡು ಥರ. ಒಂದು, ಹಳೇ ಪಟ್ಟಿನ ಮುಟ್ಟದೆ ಹೊಸದೊಂದು ಮಾಡಿಕೊಡುತ್ತೆ. ಇನ್ನೊಂದು, ಇರೋ ಪಟ್ಟಿಯನ್ನೇ ಹಿಂದೆಮುಂದೆ ಮಾಡಿಬಿಡುತ್ತೆ."

"ನೀವು ಎರಡನೇದು ಹಾಕಿದ್ರಿ."

"ಹಾಕಿ ಸೇವ್ ಕೂಡ ಮಾಡ್ಬಿಟ್ಟೆ. ಬಂದ ತಾರೀಖು ಎಲ್ಲೂ ಬರೆದಿಲ್ಲ. ಹೆಸರು ಇದ್ದ ಜಾಗವೇ ತಾರೀಖು ಆಗಿತ್ತು. ಇನ್ನು ವಾಪಸ್ ಬರಲ್ಲ."

ಗಲಾಟೆ ಕೇಳಿ ಮ್ಯಾನೇಜರ್ ಚಹಾ ಲೋಟದ ಸಮೇತ ಬಂದರು. "ಅಷ್ಟಕ್ಕೆ ಇಷ್ಟು ರಂಪನಾ? ಹೀಗೆ ಇದ್ರೆ ನೋಡೋಕೂ ನೀಟಾಗಿದೆ. ಇದನ್ನೇ ಕಳಿಸಿ, ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಸರ್! ಮೊದಲನೇ ದಿನ ಬಾಗಿಲು ತೆಗೆಯೋ ಮುಂಚೆ ಬಂದು ನಿಂತಿದ್ದ ದರ್ಜಿ ಅಜ್ಜ ಈಗ ಐವತ್ತೆರಡನೆಯವರು. ಅವರು ಮಾಡಿದ ತಪ್ಪೇನು? ಹೆತ್ತವರು 'ಹ'ದಿಂದ ಶುರುವಾಗೋ ಹೆಸರಿಟ್ಟಿದ್ದಾ?"

"ನಾಲ್ಕು ಗಂಟೆಗೆ ನನಗೊಂದು ಪಟ್ಟಿ ಬೇಕಮ್ಮ. ಯಾವುದಾದ್ರೂ ಸರಿ."

ಯಾವುದಾದರೂ ಸರಿಯಂತೆ! ಇವರ ಎರಡೂ ಕಿವಿ ನೆಟ್ಟಗಿವೆ, ಇವರಿಗೇನು? ಅವಳು ಕುರ್ಚಿ ಎಳೆದುಕೊಂಡು ಪ್ರೋಗ್ರಾಮರ್ ಪಕ್ಕ ಕೂತಳು. ಗಡಿಯಾರದಲ್ಲಿ ಎರಡೂಕಾಲು ಗಂಟೆ.

"ಖಾಲಿ ಪಟ್ಟಿ ತೆಗೀರಿ. ನಾನು ನೆನಪು ಮಾಡಿಕೊಂಡು ಹೇಳ್ತೀನಿ, ನೀವು ಸೇರಿಸ್ತಾ ಹೋಗಿ."

ದರ್ಜಿ ಅಜ್ಜ. ಬಸ್ ಡ್ರೈವರ್ ತಾಯಿ. ಕೂತರೂ ನಿಂತರೂ ರೇಗುವ ಗಣಿತದ ಮೇಷ್ಟ್ರು. ಒಬ್ಬೊಬ್ಬರ ಮುಖವೂ ಅವಳ ಕಣ್ಣಿಗೆ ಕಟ್ಟಿತ್ತು. ಹನ್ನೆರಡರವರೆಗೆ ಸಲೀಸಾಗಿ ಬಂತು. ಅಲ್ಲಿ ತಡವರಿಸಿದಳು.

"ಬಡಗಿ ಮೊದಲಾ, ಲಾಂಡ್ರಿ ಅಕ್ಕ ಮೊದಲಾ?"

"ಲಾಂಡ್ರಿಯವರು," ಎಂದ ಅವನು. "ಅವತ್ತು ನೀವು ಹಸಿರು ಸ್ವೆಟರ್ ಹಾಕಿದ್ರಿ. ಬಡಗಿ ಬಂದಿದ್ದು ಎರಡು ದಿನ ಬಿಟ್ಟು, ನಿಮಗೆ ಶೀತ ಆಗಿದ್ದಾಗ."

ಅವಳು ನಿಧಾನವಾಗಿ ತಿರುಗಿ ನೋಡಿದಳು. ಅವನ ಕಣ್ಣು ಕೀಬೋರ್ಡ್ ಬಿಟ್ಟು ಏಳಲಿಲ್ಲ, ಕಿವಿ ಮಾತ್ರ ಕೆಂಪೇರುತ್ತಿತ್ತು.

"ನಿಮಗೆ ಹೇಗ್ರೀ ಗೊತ್ತು?"

"ಈ ಕಿಟಕಿಯಿಂದ ನಿಮ್ಮ ಮೇಜು ಕಾಣುತ್ತೆ."

"ನಿಮಗೆ ಸಂಬಳ ಕೊಡೋದು ಕಂಪ್ಯೂಟರ್ ನೋಡೋಕೆ!"

"ಅದನ್ನ ಸರಿಯಾಗಿ ನೋಡದೇ ಇದ್ದಿದ್ದಕ್ಕೇ ಇವತ್ತು ಹೀಗಾಯ್ತು."

ಬರುತ್ತಿದ್ದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು. ಈ ಮನುಷ್ಯನ ಮೇಲೆ ಸಿಟ್ಟು ಇನ್ನೂ ಇಳಿಯಬಾರದಿತ್ತು. ಅನುಮಾನ ಬಂದ ಕಡೆ ಅವರವರ ಮನೆಗೆ ಫೋನ್ ಮಾಡಿ ಕೇಳಿದಳು. ಅವನು ಹೇಳಿದ್ದು ಒಂದೂ ತಪ್ಪಿರಲಿಲ್ಲ. ಬೇಕೆಂದರೂ ಒಂದು ತಪ್ಪು ಸಿಗುತ್ತಿಲ್ಲವಲ್ಲ ಎಂದು ಮತ್ತಷ್ಟು ರೇಗಿತು.

"ಅಯ್ಯೋ, ಪೇಪರ್ ಹಾಕೋರ ಅತ್ತೆ ಬಿಟ್ಟುಹೋದ್ರು. ಒಂಬತ್ತನೆಯವರಾದ ಮೇಲೆ ಬರಬೇಕಿತ್ತು."

"ಇನ್ಸರ್ಟ್ ಇದೆ. ಜಾಗ ಹೇಳಿದ್ರೆ ಸಾಕು, ಹಿಂದಿನವರು ತಾವೇ ಒಂದೊಂದು ಹೆಜ್ಜೆ ಸರೀತಾರೆ."

"ಪುಣ್ಯವಂತರು. ಬಸ್ಸಲ್ಲಿ ಒಬ್ಬರೂ ಸರಿಯಲ್ಲ."

ಹೀಗೇ ಮೂವತ್ತಾಯಿತು.

"ಮೂವತ್ತೊಂದು, ನಮ್ಮಪ್ಪ," ಎಂದು ಅವಳು ಹೆಸರು ಹೇಳಿದಳು.

ಅವನ ಬೆರಳು ನಿಂತವು. ಕೆಟ್ಟುಹೋದ ಪಟ್ಟಿ ಪರದೆಯ ಇನ್ನೊಂದು ಬದಿಯಲ್ಲಿ ತೆರೆದೇ ಇತ್ತು. "ಇದರಲ್ಲಿ ಅವರೇ ಮೊದಲನೆಯವರು."

"ಗೊತ್ತು."

"ಹಾಗೇ ಕಳಿಸಿದ್ರೆ ಅವರಿಗೆ ಈ ವಾರವೇ..."

"ಗೊತ್ತು ಅಂದೆನಲ್ಲ! ಟೈಪ್ ಮಾಡ್ರೀ!"

ಅವಳಿಗೆ ಅಳು ಬಂದದ್ದೂ ಸಿಟ್ಟಿನಿಂದಲೇ. ಐವತ್ತೆರಡು ಜನ ಕಾಯುತ್ತಿರುವಾಗ ಇಪ್ಪತ್ತೇ ಯಂತ್ರ ಕಳಿಸುವವರಿಗೆ ನಾಚಿಕೆಯಾಗಬೇಡವೇ? ಅವನು ಕರವಸ್ತ್ರವನ್ನು ಅವಳ ಕಡೆ ಸರಿಸಿ, ಹೆಸರನ್ನು ಮೂವತ್ತೊಂದನೆಯ ಜಾಗದಲ್ಲಿ ಸೇರಿಸಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಪಟ್ಟಿ ಮುಗಿಯಿತು. ಅವನೇ ಅದನ್ನು ಮ್ಯಾನೇಜರ್ ಹತ್ತಿರ ಒಯ್ದು, ತಪ್ಪು ತನ್ನದೆಂದು ಬರೆದುಕೊಟ್ಟ. ಅವರು ಗೊಣಗುತ್ತಲೇ ಸಹಿ ಹಾಕಿದರು.

ಮೆಟ್ಟಿಲ ಹತ್ತಿರ ಅವನು ಅವಳನ್ನು ತಡೆದ. "ಎಂಟು ತಿಂಗಳಿಂದ ನಿಮಗೊಂದು ಮಾತು ಹೇಳಬೇಕು ಅಂತಿದ್ದೆ."

"ಎಂಟು ತಿಂಗಳು! ಬಾಯಿಗೆ ಬೀಗ ಹಾಕಿಕೊಂಡಿದ್ರಾ?"

"ಬೈತೀರೇನೋ ಅಂತ..."

"ಈಗಲೂ ಬೈತೀನಿ. ನನಗೆ ಹೇಳೋದು ಬೇಡ, ಗೊತ್ತಾಯ್ತು. ಭಾನುವಾರ ಮನೆಗೆ ಬಂದು ಅಪ್ಪನಿಗೆ ಹೇಳಿ."

ಭಾನುವಾರ ಬೆಳಿಗ್ಗೆ ಬಂದ. ಅಪ್ಪ ಬೀದಿಗೆ ಮುಖ ಮಾಡಿದ ಬಾಲ್ಕನಿಯಲ್ಲಿ ಕೂತಿದ್ದರು. ಅವನು ಬಗ್ಗಿ ಏನೋ ಹೇಳಿದ.

"ಏನಂದ್ರಿ?" ಅಪ್ಪ ಕಿವಿಗೆ ಕೈಯಿಟ್ಟರು.

ಇನ್ನೊಮ್ಮೆ ಹೇಳಿದ.

"ಮಗಳಿಗೆ ಏನಾಯ್ತು?"

ಬಾಗಿಲಿಗೆ ಒರಗಿ ನಿಂತಿದ್ದ ಅವಳು ಸಹಾಯಕ್ಕೆ ಬರಲಿಲ್ಲ. ಅವನು ಎದೆ ತುಂಬ ಉಸಿರೆಳೆದುಕೊಂಡ.

"ನಿಮ್ಮ ಮಗಳನ್ನ ಪ್ರೀತಿಸ್ತೀನಿ! ಮದುವೆ ಆಗಬೇಕು ಅಂತಿದ್ದೀನಿ!"

ಎದುರು ಮನೆಯ ಕಿಟಕಿ ತೆರೆಯಿತು. ಕೆಳಗೆ ಒಂದು ಸೈಕಲ್ ನಿಂತಿತು.

"ಅವಳಿಗೆ ಕೋಪ ಜಾಸ್ತಿ, ಗೊತ್ತಾ?" ಎಂದರು ಅಪ್ಪ.

"ಗೊತ್ತು! ಅದಕ್ಕೇ!"

ಅಪ್ಪ ಮಗಳ ಕಡೆ ತಿರುಗಿದರು. "ನೀನೇನಂತೀಯಮ್ಮ?"

ಇಡೀ ಬೀದಿ ಕಾಯುತ್ತಿತ್ತು. ಇಷ್ಟು ಜನರ ಮುಂದೆ ತನ್ನನ್ನು ಸಿಕ್ಕಿಸಿದ ಇಬ್ಬರನ್ನೂ ಅವಳು ದುರುಗುಟ್ಟಿ ನೋಡಿದಳು. "ಹೂಂ!" ಎಂದು ಕಿರುಚಿದಳು. "ಒಪ್ಪಿದೀನಿ!"

ಅಷ್ಟು ಜೋರಾಗಿ ಹೇಳಿದ್ದು ಅಪ್ಪನಿಗೆ ಕೇಳಿಸಿಯೇ ಇತ್ತು; ಅವರ ಕಣ್ಣು ನಗುತ್ತಿದ್ದವು. ಆದರೂ ಕಿವಿಗೆ ಮತ್ತೆ ಕೈಯಿಟ್ಟು, ಮಗಳ ಕಡೆ ಬಗ್ಗಿದರು.

"ಏನಂದೆ?"