ಮೆನುವಿನಲ್ಲಿ ಇಲ್ಲದ ಪುಟ

ರೊಟ್ಟಿಯ ಮೇಲೆ ನೀರು ಸವರಿ ಮಗುಚುವಷ್ಟರಲ್ಲಿ ನಾಗರತ್ನಳ ಫೋನು ಮತ್ತೆ ಬಡಿದುಕೊಂಡಿತು. ಹಿಟ್ಟು ಮೆತ್ತಿದ ಕೈಯ ಕಿರುಬೆರಳಿನಿಂದ ಸ್ಪೀಕರ್ ಒತ್ತಿದಳು.

"ಏನವ್ವ ರತ್ನ, ನನ್ನ ಗುರೆಳ್ಳು ಪುಡಿ ಎಲ್ಲಿಗೆ ಹೋತು?"

ನ್ಯಾಮತಿಯಲ್ಲಿ ಖಾನಾವಳಿ ನಡೆಸುವ ಸಿದ್ದಲಿಂಗಮ್ಮ.

"ಡಬ್ಬಿಯಾಗೆ ಐತೇನು ನೋಡ್ರಿ ಅಮ್ಮ."

"ಡಬ್ಬಿಯಾಗೆ ಬೇಕಾದಷ್ಟೈತೆ. ಗೂಗಲ್‌ನಾಗೆ ಇಲ್ಲ. ಗುರೆಳ್ಳು ಪುಡಿ ಅಂತ ಹೊಡೆದ್ರೆ ಮೊದ್ಲು ನಾನೇ ಬರ್ತಿದ್ದೆ. ಈಗ ಯಾರ್ಯಾರೋ ಬರ್ತಾರೆ, ನಾನೊಬ್ಳೇ ಇಲ್ಲ. ಸೂರಗೊಂಡನಕೊಪ್ಪದ ಜಾತ್ರಿಗೆ ಬಂದೋರು ಇಲ್ಲಿ ಉಂಡು ಹೋಗಿ, ಆಮೇಲೆ ಊರಿಂದ ಪುಡಿ ತರಿಸ್ಕೊಳ್ಳೋರು. ಅಮ್ಮ, ಪುಡಿ ಮಾಡೋದು ಬಿಟ್ರಾ ಅಂತ ಕೇಳ್ತಾರೆ. ನಾನು ಗಟ್ಟಿಯಾಗಿರೋವಾಗ್ಲೇ ನನ್ನ ಅಂಗಡಿ ಮುಚ್ಚಿಸಿದ್ರೇನು?"

"ನೋಡ್ತೀನಿ ತಡೀರಿ."

"ನೋಡು. ರೊಟ್ಟಿ ಸೀಯ್ತಾ ಐತೆ, ವಾಸನಿ ಇಲ್ಲಿಗೇ ಬಂತು," ಎಂದು ನಗುತ್ತಾ ಫೋನಿಟ್ಟಳು.

ರೊಟ್ಟಿ ನಿಜಕ್ಕೂ ಸೀದಿತ್ತು.

ಚನ್ನಗಿರಿಯಲ್ಲಿ ಪ್ರಸನ್ನಕುಮಾರ್ ಕಟ್ಟುವ ವೆಬ್‌ಸೈಟುಗಳಿಗೆಲ್ಲ ಕನ್ನಡದ ಮಾತು ಬರೆಯುವವಳು ನಾಗರತ್ನ. ಜಗಳೂರಿನ ಈ ಮನೆಯಲ್ಲಿ ಕುಳಿತು ಬರೆಯುತ್ತಾಳೆ, ಗುರುವಾರ ಬಸ್ಸು ಹಿಡಿದು ಅವನ ಆಫೀಸಿಗೆ ಹೋಗುತ್ತಾಳೆ. ಗುರುವಾರದ ಸೀರೆಗೆ ಅವಳು ಬುಧವಾರವೇ ಇಸ್ತ್ರಿ ಹಾಕುವುದನ್ನು ತಾಯಿ ಕಾಟಮ್ಮ ನೋಡಿಯೂ ನೋಡದವಳಂತೆ ಇರುತ್ತಾಳೆ.

ಕೈ ತೊಳೆದು ಬಂದು ಖಾನಾವಳಿಯ ಸೈಟು ತೆರೆದಳು. ಮೇಲಿನ ಮೆನುವಿನಲ್ಲಿ ಮೊದಲು ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ ಎಂದು ಬಿಡಿಬಿಡಿಯಾಗಿ ಇದ್ದವು. ಈಗ ಮುಖಪುಟ, ಸಂಪರ್ಕ, ಅಷ್ಟೇ. ಪುಡಿಯ ಪುಟದ ಪೂರ್ತಿ ವಿಳಾಸ ಅವಳಿಗೆ ಬಾಯಿಪಾಠ. ಟೈಪ್ ಮಾಡಿದಳು. ಪುಟ ತೆರೆಯಿತು. ತಾನು ಬರೆದ ಒಂದಕ್ಷರವೂ ಅಳಿಸಿರಲಿಲ್ಲ. ಆದರೆ ಸೈಟಿನ ಯಾವ ಮೂಲೆಯಿಂದಲೂ ಅಲ್ಲಿಗೆ ಲಿಂಕ್ ಇರಲಿಲ್ಲ.

ಹೀಗಾದರೆ ಏನಾಗುತ್ತದೆ ಎಂದು ಕಲಿಸಿದವನೇ ಪ್ರಸನ್ನ. ಕೆಲಸಕ್ಕೆ ಸೇರಿದ ಹೊಸತು.

"ಮೆನು ಅಂದ್ರೆ ಹೋಟ್ಲಿಂದಾ?" ಎಂದು ಕೇಳಿದ್ದಳು.

"ಹೋಟ್ಲಿನ ಮೆನು ಹೊಟ್ಟೆಗೆ. ಇದು ಗೂಗಲ್‌ಗೆ. ಗೂಗಲ್ ಅಂದ್ರೆ ಪರ ಊರಿಂದ ಬಂದ ನೆಂಟ ಅಂತ ತಿಳ್ಕೊಳ್ರಿ. ಬಾಗ್ಲು ತೋರಿಸಿದ ಕೋಣಿಗೆ ಮಾತ್ರ ಹೋಗ್ತಾನೆ. ಎಲ್ಲಾ ಕಡಿಯಿಂದ್ಲೂ ಬಾಗ್ಲಿರೋ ಕೋಣಿ ದೊಡ್ಡದು, ಮುಖ್ಯವಾದದ್ದು ಅಂತ ಲೆಕ್ಕ ಹಾಕ್ತಾನೆ. ಬಾಗ್ಲೇ ಇಲ್ದಿದ್ರೆ, ಒಳಗೆ ಬಂಗಾರ ಇದ್ರೂ ನಿಧಾನಕ್ಕೆ ಮರ್ತುಬಿಡ್ತಾನೆ."

"ಅಂಥಾ ಕೋಣಿಗೆ ಏನಂತಾರೆ?"

"ಆರ್ಫನ್ ಪೇಜ್. ಅನಾಥ ಪುಟ."

ಅವನು ಮಾತಾಡುವಷ್ಟು ಹೊತ್ತು ಪರದೆಯನ್ನೇ ನೋಡುತ್ತಿದ್ದ. ಮಾತು ಮುಗಿದ ಮೇಲೆ ಮಾತ್ರ ಅವಳತ್ತ ತಿರುಗುತ್ತಿದ್ದ, ಹಾಡಿ ಮುಗಿಸಿದವನು ಚಪ್ಪಾಳೆಗೆ ಕಾಯುವ ಹಾಗೆ. ಅವಳು ಬೇಕೆಂದೇ ಕಿಟಕಿಯತ್ತ ನೋಡುತ್ತಿದ್ದಳು. ಅವನ ಕಣ್ಣು ಹಿಂಬಾಲಿಸಿ ಕಿಟಕಿಗೆ ಹೋಗಿ, ಅಲ್ಲಿ ಏನೂ ಇಲ್ಲದ್ದು ಕಂಡು, ನಾಚಿ ವಾಪಸು ಬರುತ್ತಿತ್ತು.

ಒಮ್ಮೆ ಅವಳು ಲಿಂಕಿನ ಮೇಲೆ 'ಇಲ್ಲಿ ಒತ್ತಿ' ಎಂದು ಬರೆದಾಗ ತಲೆಯಾಡಿಸಿದ್ದ. "ಇಲ್ಲಿ ಒತ್ತಿ ಅಂದ್ರೆ ಅವನಿಗೇನು ತಿಳೀತೈತೆ? ಒಳಗೆ ಏನೈತೋ ಅದೇ ಹೆಸರು ಬಾಗ್ಲ ಮ್ಯಾಲೆ ಇರ್ಬೇಕು."

"ನಿಮ್ಮೊಳಗೆ ಏನೈತೋ ಅದ್ಕೆ ಯಾವ ಹೆಸರು ಬರೀತೀರಿ?" ಎಂದು ಚುಡಾಯಿಸಿದ್ದಳು.

ಮುಂದಿನ ಗುರುವಾರ ಹೋದಾಗ ಆಫೀಸಿನ ಸೈಟಿನ ಮೆನುವಿನಲ್ಲಿ ಹೊಸ ಲಿಂಕ್ ಇತ್ತು: 'ನಾಗರತ್ನ ಮತ್ತು ಪ್ರಸನ್ನ'. ಒತ್ತಿದರೆ ಸೂಳೆಕೆರೆಯ ಏರಿಯ ಮೇಲೆ ತೆಗೆದ ಇಬ್ಬರ ಫೋಟೊ. ಗಾಳಿಗೆ ಅವಳ ಸೆರಗು ಅವನ ತೋಳಿನ ಮೇಲೆ ಹಾರಿತ್ತು. ಇಬ್ಬರೂ ಅದನ್ನು ಸರಿಸಿರಲಿಲ್ಲ.

"ಮನ್ಯಾಗೆ ಬಾಯಿಬಿಟ್ಟು ಹೇಳಾಕೆ ಸ್ವಲ್ಪ ಟೈಮ್ ಬೇಕು ರತ್ನ," ಎಂದಿದ್ದ. ಅಂದು ಮೊದಲ ಸಲ 'ರೀ' ಬಿಟ್ಟಿದ್ದ. "ಅಲ್ಲೀವರ್ಗೂ ಇದೇ ನನ್ನ ಮಾತು. ನನ್ನ ಹೆಸರು ಯಾರು ಹುಡುಕಿದ್ರೂ ನೀನೂ ಸಿಗ್ತೀಯ."

ಅವಳಿಗೆ ಅದಕ್ಕಿಂತ ದೊಡ್ಡ ನಿಶ್ಚಯ ಬೇಕಿರಲಿಲ್ಲ. ಬಸ್ಸಿನಲ್ಲಿ ಕುಳಿತು ತನ್ನದೇ ಹೆಸರನ್ನು ಹುಡುಕಿ, ಅವನ ಪಕ್ಕದಲ್ಲಿ ತಾನು ಬರುವುದನ್ನು ಎಷ್ಟು ಸಲ ನೋಡಿಲ್ಲ.

ಈಗ ಅವನೇ ಕಟ್ಟಿದ ಹೊನ್ನಾಳಿಯ ಬೀಜದಂಗಡಿಯ ಸೈಟು ತೆರೆದಳು. ಅಲ್ಲಿಯೂ ಮೆನು ಕತ್ತರಿಸಲಾಗಿತ್ತು. ಬಸವಾಪಟ್ಟಣದ ನರ್ಸರಿಯದೂ ಹಾಗೆಯೇ. ಅವನು ಹೀಗೆ ಮಾಡುವವನಲ್ಲ. ದುಡಿಯುತ್ತಿರುವ ಮೆನುವನ್ನು ಮುಟ್ಟಬಾರದು ಎಂದು ಅವಳ ಕೈಯನ್ನೇ ಹಿಡಿದು ನಿಲ್ಲಿಸಿದವನು.

ಕೊನೆಗೆ ಆಫೀಸಿನ ಸೈಟು. ಮುಖಪುಟ, ನಮ್ಮ ಕೆಲಸ, ಸಂಪರ್ಕ. ಅವರಿಬ್ಬರ ಹೆಸರು ಇರಲಿಲ್ಲ.

"ಯಾಕವ್ವ, ಒಲಿ ಆರಿದ್ರೂ ಫೋನ್ ಹಿಡ್ಕೊಂಡೇ ಕುಂತೀಯಲ್ಲ?" ಎಂದಳು ಕಾಟಮ್ಮ.

"ಏನಿಲ್ಲವ್ವ. ನೆಟ್‌ವರ್ಕ್ ಬರವಲ್ದು."

ಗುರುವಾರಕ್ಕೆ ಕಾಯದೆ ಮರುದಿನವೇ ಚನ್ನಗಿರಿಗೆ ಹೋದಳು. ಪಂಪ್‌ಸೆಟ್ ಅಂಗಡಿಯ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಅವನ ನಗು ಬರುವುದು ಒಂದು ಗಳಿಗೆ ತಡವಾಯಿತು.

"ಇದೇನು, ಇವತ್ತೇ?"

"ಸಿದ್ದಲಿಂಗಮ್ಮನ ಪುಡಿ ಕಾಣ್ತಿಲ್ವಂತೆ."

"ಹ್ಞಾ, ಮೆನು ಉದ್ದ ಆಗಿತ್ತಲ್ಲ. ಲಿಂಕ್ ಜಾಸ್ತಿ ಆದ್ರೆ ಗೂಗಲ್ ಕೊಡೋ ಬಲ ಹಂಚಿ ಹೋಗ್ತೈತೆ. ಎಲ್ಲಾ ಸೈಟೂ ಕ್ಲೀನ್ ಮಾಡ್ದೆ."

"ನೂರಾರು ಲಿಂಕ್ ಇದ್ದಾಗ ಆ ಮಾತು. ಆಯಮ್ಮಂದು ಇದ್ದದ್ದೇ ಬೆರಳೆಣಿಕೆಯಷ್ಟು."

ಅವನು ಪರದೆ ನೋಡಿದ. ಅವಳ ಮಾತು ಮುಗಿದ ಮೇಲೂ ಅವಳತ್ತ ತಿರುಗಲಿಲ್ಲ.

"ನಮ್ಮ ಪೇಜು ಒಂದೇ ತೆಗೆದ್ರೆ ನಂಗೆ ಗೊತ್ತಾಗ್ತೈತೆ ಅಂತ ಎಲ್ಲಾರ್ದೂ ತೆಗೆದ್ರಿ. ಹೌದಲ್ರಿ?"

ಕೆಳಗೆ ಯಾರೋ ಪಂಪು ಚಾಲೂ ಮಾಡಿ ನೋಡಿದರು. ಅದು ಕೆಮ್ಮಿ ನಿಂತಿತು.

"ಬಸವಾಪಟ್ಟಣದೋರು ಒಬ್ರು ಸಂಬಂಧ ಕೇಳಾಕೆ ಬರ್ತಾರಂತೆ," ಎಂದ ಅವನು. "ಹುಡುಗಿ ಅಣ್ಣ ಎಲ್ಲಾ ನೆಟ್‌ನಾಗೆ ನೋಡ್ತಾನೆ ಅಂತ ಅಪ್ಪಾಜಿಗೆ ಯಾರೋ ಹೇಳ್ಯಾರೆ. ಅಪ್ಪಾಜಿ ಸಿಟ್ಟು ನಿಂಗೆ ಗೊತ್ತಲ್ಲ. ಸುಮ್ನೆ ಬಂದು ಹೋಗ್ಲಿ ಅಂತ. ನಾನೇನು ಒಪ್ಪಿಲ್ಲ."

"ಒಪ್ಪಿಲ್ಲ ಅಂತ ಹೇಳೀರಾ?"

"ಹೇಳಾಕೆ ಒಂದು ಸಮಯ ಬರ್ಬೇಕಲ್ಲ."

ಅವನು ಹತ್ತಿರ ಬಂದ. ಅವಳಿಗೆ ಇಷ್ಟವಾದ ಆ ತಗ್ಗಿದ ದನಿಯಲ್ಲಿ, "ಪೇಜು ಡಿಲೀಟ್ ಮಾಡಿಲ್ಲ ರತ್ನ. ಹಂಗೇ ಐತೆ. ವಿಳಾಸ ನಮ್ಮಿಬ್ರಿಗೂ ಗೊತ್ತಲ್ಲ, ಸಾಕಲ್ವಾ? ನಾನು ದಿನಾ ಬೆಳಿಗ್ಗೆ ಅದನ್ನ ತೆರೆದು ನೋಡೇ ಕೆಲ್ಸ ಸುರು ಮಾಡೋದು," ಎಂದ.

ಆ ಮಾತಿಗೆ ಅವಳ ಎದೆ ಒಂದು ಕ್ಷಣ ಮೆತ್ತಗಾಯಿತು. ಅದು ಮೆತ್ತಗಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೆಚ್ಚು ಸಿಟ್ಟು ಬಂತು.

"ಬಾಗ್ಲಿಲ್ಲದ ಕೋಣಿಯಾಗೆ ನನ್ನ ಕೂಡಿಸಿ, ದಿನಾ ಕಿಂಡಿಯಾಗೆ ನೋಡ್ತೀನಿ ಅಂತೀರಿ," ಎಂದಳು.

"ಹಂಗಲ್ಲ."

"ಸಿದ್ದಲಿಂಗಮ್ಮಂದು ಸರಿ ಮಾಡ್ತೀನಿ. ಉಳಿದೋರ್ದೂ. ಅವ್ರೇನು ಮಾಡಿದ್ರು ಪಾಪ."

"ಮಾಡು. ಸೈಟಿನ ಕೀಲಿ ಎಲ್ಲಾ ನಿನ್ನ ಕೈಯಾಗೇ ಐತೆ."

ಅಷ್ಟು ನಂಬಿಕೆ ಅವನಿಗೆ. ಅವಳು ಕೆಟ್ಟದ್ದು ಮಾಡುವವಳಲ್ಲ ಎನ್ನುವ ನಂಬಿಕೆ. ಬಸ್ಸಿನಲ್ಲಿ ಕುಳಿತ ಮೇಲೂ ಅವಳಿಗೆ ಹೆಚ್ಚು ಚುಚ್ಚುತ್ತಿದ್ದದ್ದು ಅದೇ.

ಮನೆಗೆ ಬಂದು ಒಂದೊಂದೇ ಮೆನು ಜೋಡಿಸಿದಳು. ಖಡಕ್ ರೊಟ್ಟಿ. ಗುರೆಳ್ಳು ಪುಡಿ. ಶೇಂಗಾ ಹೋಳಿಗೆ. ಒಳಗೆ ಏನಿದೆಯೋ ಅದೇ ಹೆಸರು ಬಾಗಿಲ ಮೇಲೆ. ಹೊನ್ನಾಳಿಯ ಬೀಜದಂಗಡಿಗೂ ನರ್ಸರಿಗೂ ಹಾಗೆಯೇ.

ಆಮೇಲೆ ಆಫೀಸಿನ ಸೈಟು. ಒಂದು ಚೌಕಕ್ಕೆ ಗುರುತು ಹಾಕಿದರೆ 'ನಾಗರತ್ನ ಮತ್ತು ಪ್ರಸನ್ನ' ಮತ್ತೆ ಮೆನುವಿಗೆ ಬರುತ್ತಿತ್ತು. ಹುಡುಗಿಯ ಅಣ್ಣ ಹುಡುಕಿದರೆ ಅದನ್ನೇ ನೋಡುತ್ತಿದ್ದ. ಬೆರಳು ಅಲ್ಲಿಯವರೆಗೂ ಹೋಯಿತು. ಅವನು ಮುಚ್ಚಿದ ಬಾಗಿಲನ್ನು ತಾನೇ ತೆರೆದು ಒಳಗೆ ನಿಂತರೆ, ಜನ ಬಂದು ತನ್ನನ್ನು ನೋಡಿದಂತಾಗುತ್ತದೆಯೇ ಹೊರತು ಅವನು ಕರೆದಂತಾಗುವುದಿಲ್ಲ.

ಗುರುತು ಹಾಕಲಿಲ್ಲ. ಪುಟವನ್ನು ತೆರೆದು ಏರಿಯ ಮೇಲಿನ ಗಾಳಿಯನ್ನು, ಸೆರಗನ್ನು ಕೊನೆಯ ಸಲ ನೋಡಿ, ಇಡೀ ಪುಟವನ್ನೇ ಅಳಿಸಿಬಿಟ್ಟಳು. ಅಳಿಸುವಾಗಲೂ ಒಳಗೊಂದು ಆಸೆ ಬೆಚ್ಚಗೆ ಕುಳಿತೇ ಇತ್ತು. ದಿನಾ ಬೆಳಿಗ್ಗೆ ನೋಡುತ್ತಾನಲ್ಲ. ನಾಳೆ ತೆರೆಯುತ್ತಾನೆ, ಕಾಣುವುದಿಲ್ಲ, ಎದೆ ಒಡೆದುಕೊಂಡು ಫೋನ್ ಮಾಡುತ್ತಾನೆ. ಆಗ ಅವನು ಏನು ಕೇಳಿದರೂ ಹ್ಞೂ ಅನ್ನುವವಳೇ ಅವಳು.

ಬೆಳಿಗ್ಗೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲ ಕಟ್ಟೆಯ ಮೇಲೆ ಇಟ್ಟುಕೊಂಡಳು.

ಬುಧವಾರ ಸಂಜೆ, ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಬಂತು.

"ಸಿಟ್ಟು ಇಳೀತಾ?"

"ಯಾವ ಸಿಟ್ಟು?"

"ನಂಗೆ ಗೊತ್ತು ಬಿಡು. ಈಗ ತಾನೇ ನಮ್ಮ ಪೇಜು ತೆಗೆದು ನೋಡ್ತಾ ಕುಂತಿದ್ದೆ ರತ್ನ. ಆ ಫೋಟೊದಾಗೆ ನೀನು ಎಷ್ಟು ಚಂದ ನಗ್ತೀಯ. ನೋಡ್ತಾ ನೋಡ್ತಾ ಫೋನ್ ಮಾಡಾಕೆ ಮನಸಾತು."

ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ನಿಲ್ಲಿಸಿದಳು.

"ಈಗ ನೋಡಿದ್ರಾ?"

"ಈಗ್ಲೂ ಎದುರಿಗೇ ಐತೆ."

ಅವನ ದನಿ ಎಷ್ಟು ಸಲೀಸಾಗಿತ್ತೆಂದರೆ, ಇದು ಅವನು ಹೇಳಿದ ಮೊದಲ ಸುಳ್ಳಲ್ಲ ಎಂದು ಅವಳಿಗೆ ತಿಳಿಯಿತು. ಹಿಂದಿನ ಸುಳ್ಳುಗಳನ್ನು ತಾನು ಕೇಳಿಸಿಕೊಂಡಿದ್ದಳು, ನಕ್ಕಿದ್ದಳು, ಬಸ್ಸಿನಲ್ಲಿ ಕುಳಿತು ನೆನೆಸಿಕೊಂಡಿದ್ದಳು.

"ಹೌದೇನ್ರಿ," ಎಂದಳು.

"ನಾಳೆ ಬರ್ತೀಯಲ್ಲ? ಮಂಡಕ್ಕಿ ತರಿಸಿಡ್ತೀನಿ."

"ಅವ್ವ ಕರೀತಾಳೆ. ಇಡ್ತೀನಿ."

ಕಾಟಮ್ಮ ಕರೆದಿರಲಿಲ್ಲ. ಬಾಗಿಲಲ್ಲಿ ಮೊರ ಹಿಡಿದು ಮಗಳನ್ನೇ ನೋಡುತ್ತಾ ನಿಂತಿದ್ದಳು.

"ನಾಳೆ ಬಸ್ಸಿಗೆ ಬುತ್ತಿ ಏನು ಕಟ್ಟಲವ್ವ?"

ನಾಗರತ್ನ ಅರ್ಧ ಇಸ್ತ್ರಿಯಾದ ಸೀರೆಯನ್ನು ಮಡಿಸಿದಳು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಟ್ರಂಕಿನ ತಳದಲ್ಲಿ, ಹಬ್ಬದ ಸೀರೆಗಳಿಗಿಂತಲೂ ಕೆಳಗೆ ಇಟ್ಟಳು.

"ಬುತ್ತಿ ಬ್ಯಾಡವ್ವ," ಎಂದಳು. "ಆ ಮೊರ ಇತ್ಲಾಗೆ ಕೊಡು, ನಾನು ಕೇರ್ತೀನಿ."